ಜಟಕಾ ಸಾಹೇಬರ ಮಾತು ಬಂತು

ಮೊನ್ನೆ ಬೇಲಿಯಾಚೆ ನಿಂತು ಪಕ್ಕದ ಮನೆಯವರು ಒಂದು ಮಾತು ಎತ್ತಿದರು. ಅವರ ಮೂಲ ಜಗಳೂರು, ನಮ್ಮದು ಹೊನ್ನಾಳಿ ಕಡೆ. "ಅಲ್ರೀ, ಕಚೇರಿಯ ಅಮಲ್ದಾರರಿಗೂ ಸಾಹೇಬ್ರು ಅಂತಿದ್ವಿ, ಜಟಕಾ ಹೊಡೆಯೋರಿಗೂ ಸಾಹೇಬ್ರು ಅಂತಿದ್ವಿ. ಎರಡೂ ಒಂದೇ ಮಾತಾ?" ಅಂದರು. ಒಲೆ ಮೇಲೆ ಹಾಲಿಟ್ಟು ಬಂದಿದ್ದೆ. ಅದನ್ನು ಇಳಿಸಿ ಬಂದು ಬೇಲಿಗೆ ಒರಗಿದವರು ಕತ್ತಲಾಗುವ ತನಕ ಕದಲಲಿಲ್ಲ. ಅಲ್ಲಿ ಆಡಿದ್ದರ ಜೊತೆ ಆಮೇಲೆ ನೆನಪಾದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಒಂದೇ ಮಾತು, ಸಂಶಯ ಬೇಡ. ಅರಬ್ಬಿಯಿಂದ ಬಂದದ್ದು. ಅಲ್ಲಿ ಸಾಹಿಬ್ ಅಂದರೆ ಮೊದಲ ಅರ್ಥ ಜೊತೆಗಾರ, ಸಂಗಡಿಗ. ಪ್ರವಾದಿಯವರ ಸಂಗಡಿಗರನ್ನು ಸಹಾಬಾ ಅನ್ನುತ್ತಾರಲ್ಲ, ಅದೂ ಇದೇ ಬೇರಿನ ಮಾತು. ಜೊತೆಗಿರುವವನು ಎನ್ನುವುದು ಬರಬರುತ್ತ ಒಡೆಯ ಎಂದಾಯಿತು, ಯಜಮಾನ ಎಂದಾಯಿತು, ಕಂಪನಿ ಸರ್ಕಾರದ ಕಾಲಕ್ಕೆ ಬಿಳಿಯರಿಗೂ ಅಧಿಕಾರಿಗಳಿಗೂ ಅಂಟಿಕೊಂಡಿತು. ಅಮಲ್ದಾರರಿಗೆ ಸಿಕ್ಕಿದ್ದು ಆ ಒಡೆಯನ ಅರ್ಥ. ಜಟಕಾದವರಿಗೆ ಒಪ್ಪುವುದು ಮಾತ್ರ ಹಳೆಯದೇ, ಜೊತೆಗಾರ ಅನ್ನುವುದು. ಇನ್ನು ನಮ್ಮ ಸಂಸ್ಕೃತದ ಸಾರಥಿಯನ್ನು ನೋಡಿ. ಸ-ರಥ, ಅಂದರೆ ಒಂದೇ ರಥದಲ್ಲಿ ಜೊತೆಗೆ ಹೋಗುವವನು ಎಂಬುದರಿಂದಲೇ ಆ ಪದ ಹುಟ್ಟಿದ್ದು. ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆಗಳಿಂದ ಗಾಡಿ ಹೊಡೆಯುವವನಿಗೆ ಬಂದ ಎರಡೂ ಹೆಸರುಗಳ ಮೂಲದಲ್ಲಿ ಜೊತೆಗಾರನೇ ಇದ್ದಾನೆ. ಇದು ಹೊಳೆದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಈಗ ಡ್ರೈವಿಂಗ್ ಲೈಸೆನ್ಸ್ ಕೊಡುವ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಗೂ ಸಾರಥಿ ಅಂತಲೇ ಹೆಸರು.

ಅದೇ ಗೌರವದ ಮಾತು ನಮ್ಮ ಬಾಯಲ್ಲಿ ಸವೆದು ಸಾಬ ಆಯಿತು, ಸಾಬಿ ಆಯಿತು. "ಏ ಸಾಬಿ, ಬರ್ತೀಯೇನೋ" ಎಂದು ಅಪ್ಪನ ವಯಸ್ಸಿನವರನ್ನು ಕೂಗುತ್ತಿದ್ದವರನ್ನು ನಾನು ಕಂಡಿದ್ದೇನೆ. ಅದು ತಪ್ಪು. ಎಲ್ಲರೂ ಹಾಗೆ ಕರೆಯುತ್ತಿರಲಿಲ್ಲ ಅನ್ನುವುದೂ ನಿಜ. ನಮ್ಮ ಅಜ್ಜಿ ತುಳಸಿಕಟ್ಟೆ ಬಿಟ್ಟು ಆಚೆ ಹೋಗುವುದೇ ಅಪರೂಪ, ಆದರೆ ಹೊರಟ ದಿನ "ಸಾಹೇಬ್ರೇ, ಮೆಲ್ಲಗೆ ಹೊಡೀರಿ" ಅಂತಲೇ ಅನ್ನುತ್ತಿದ್ದಳು. ಅವರೂ "ಆಯ್ತಮ್ಮಾ" ಎಂದು ಲಗಾಮು ಬಿಗಿ ಹಿಡಿಯುತ್ತಿದ್ದರು. ಗಾಡಿ ಹೊಡೆಯುವವರೆಲ್ಲ ಮುಸಲ್ಮಾನರೇ ಆಗಿದ್ದರೆಂದೇನಲ್ಲ, ಮರಾಠರಿದ್ದರು, ಬೇರೆಯವರೂ ಇದ್ದರು. ಹೆಚ್ಚಿನವರು ಮುಸಲ್ಮಾನರಾದ್ದರಿಂದ ಆ ಕಸುಬಿನ ಹೆಸರೇ ಸಾಹೇಬ ಎಂದು ನಿಂತಿತು. ಎಷ್ಟರ ಮಟ್ಟಿಗೆ ಅಂದರೆ, 1943ರಲ್ಲಿ ಮಂಕುತಿಮ್ಮನ ಕಗ್ಗ ಅಚ್ಚಾದಾಗ ಡಿವಿಜಿ ಬದುಕಿಗೆ ಜಟಕಾದ ರೂಪ ಕೊಟ್ಟು, ವಿಧಿಯನ್ನು ಕೂರಿಸಿದ್ದು ಅದರ ಸಾಹೇಬನ ಜಾಗದಲ್ಲೇ. ಅರ್ಥ ಹೇಳಿಕೊಡಬೇಕಾದ ಅಗತ್ಯವೇ ಬೀಳಲಿಲ್ಲ. ಓದಿದವರಿಗೆಲ್ಲ ಸಾಹೇಬ ಯಾರೆಂದು ಗೊತ್ತಿತ್ತು.

ಕುದುರೆ ಹೊಡೆಯುವವನನ್ನು ಕೀಳಾಗಿ ನೋಡುವ ಚಾಳಿ ಹಳೆಯದು ಬಿಡಿ. ಕರ್ಣನನ್ನು ಸಾಕಿದ ಅಧಿರಥ ಸೂತ, ರಥ ಹೊಡೆಯುವವನು. ಅದೊಂದೇ ಕಾರಣಕ್ಕೆ ಕರ್ಣ ಜೀವಮಾನವಿಡೀ ಮಾತು ಕೇಳಬೇಕಾಯಿತು. ಅದೇ ಕರ್ಣನಿಗೆ ಸಾರಥಿಯಾಗು ಅಂದಾಗ ಶಲ್ಯ ಉರಿದುಬಿದ್ದ. ಅತ್ತ ಕೃಷ್ಣ ಏನೂ ಅನ್ನದೆ ಅರ್ಜುನನ ಕುದುರೆಗಳ ಲಗಾಮು ಹಿಡಿದು ಕೂತ. ಕನಕದಾಸರು ನಳಚರಿತ್ರೆಯಲ್ಲಿ ಹೇಳಿದ ನಳನೂ ಅಷ್ಟೆ, ರಾಜ್ಯ ಕಳೆದುಕೊಂಡ ಮೇಲೆ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಲಾಯ ಸೇರಿದ. ಆ ರಾಜನಿಗೆ ದಾಳದ ಮರ್ಮವಾದ ಅಕ್ಷಹೃದಯ ಗೊತ್ತು, ನಳನಿಗೆ ಕುದುರೆಯ ಮರ್ಮವಾದ ಅಶ್ವಹೃದಯ ಗೊತ್ತು. ರಥದಲ್ಲಿ ಹೋಗುವಾಗ ದಾರಿಯಲ್ಲಿ ಇಬ್ಬರೂ ವಿದ್ಯೆ ಅದಲುಬದಲು ಮಾಡಿಕೊಂಡರು ಅನ್ನುವುದು ಆ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. ರಾಜ ಕೂಡ ಗಾಡಿಯವನಿಂದ ಕಲಿಯುತ್ತಾನೆ, ಅದೂ ಸರಿಸಮ ಬೆಲೆ ಕೊಟ್ಟು.

ನಮ್ಮ ಸೀಮೆಗೆ ಕುದುರೆ ಹೊಸದಲ್ಲ. ದಾವಣಗೆರೆ ಅನ್ನುವ ಹೆಸರೇ ಕುದುರೆ ಕಟ್ಟುವ ದಾವಣಿಯಿಂದ, ಅವಕ್ಕೆ ನೀರು ಕುಡಿಸುತ್ತಿದ್ದ ಕೆರೆಯಿಂದ ಬಂತು ಎಂದು ಹಿರಿಯರು ಹೇಳುತ್ತಾರೆ. ಚನ್ನಗಿರಿಯವರಿಗೆ ಇನ್ನೂ ದೊಡ್ಡ ಕಥೆಯಿದೆ. ಧೋಂಡಿಯ ವಾಘ್ ಹುಟ್ಟಿದ್ದು ಅಲ್ಲಿ, ಮರಾಠ ಮನೆಯಲ್ಲಿ. ಹೈದರಾಲಿಯ ದಂಡಿಗೆ ಕುದುರೆ ಸವಾರನಾಗಿ ಸೇರಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನು ಅಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದ. ಹೊರಗೆ ಬಂದವನೇ ಟಿಪ್ಪುವಿನ ಚದುರಿದ ಸವಾರರನ್ನು ಒಟ್ಟುಮಾಡಿ ಬಿದನೂರು, ಶಿಕಾರಿಪುರದ ಕಡೆ ದಂಡು ಕಟ್ಟಿದ. ಕೊನೆಗೆ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಕುದುರೆ ದಳ ಮೇಲೆ ಬಿದ್ದಾಗ ಹೋರಾಡುತ್ತ ಸತ್ತ. ಆ ವೆಲ್ಲೆಸ್ಲಿಯೇ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್.

ಇದನ್ನೇಕೆ ಹೇಳಿದೆನೆಂದರೆ, ದಂಡು ಚದುರಿದಾಗ ಸವಾರ ಬರಿಗೈಯಲ್ಲಿ ಮನೆಗೆ ಬರುತ್ತಾನೆ, ಆದರೆ ಕುದುರೆಯ ವಿದ್ಯೆ ಅವನೊಂದಿಗೇ ಬರುತ್ತದೆ. ಸುಳಿ ನೋಡುವುದು, ಹಲ್ಲು ನೋಡಿ ವಯಸ್ಸು ಹೇಳುವುದು, ಹೊಟ್ಟೆನೋವಿಗೆ ಮದ್ದು ಹಾಕುವುದು ಇವೆಲ್ಲ ಒಂದೇ ತಲೆಮಾರಿನಲ್ಲಿ ಕಲಿಯುವ ಕೆಲಸಗಳಲ್ಲ. ಜಟಕಾದ ಕಸುಬು ಹೆಚ್ಚಾಗಿ ಮುಸಲ್ಮಾನರ ಕೈಯಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ. ಮೈಸೂರು ದಂಡಿನಲ್ಲಿ ಸ್ವಂತ ಕುದುರೆ ತಂದು ಸೇರಿದವನು ಸಿಲ್ಲೇದಾರ, ಬೇರೆಯವರ ಕುದುರೆ ಏರಿದವನು ಬಾರ್ಗೀರ. ಜಟಕಾ ಸ್ಟ್ಯಾಂಡಿನಲ್ಲೂ ಇದೇ ಎರಡು ಬಗೆಯ ಜನ ಇದ್ದರು. ಗಾಡಿ, ಕುದುರೆ ಎರಡೂ ತನ್ನದೇ ಆದವನೊಬ್ಬ, ದಿನಕ್ಕಿಷ್ಟು ಎಂದು ಮಾಲೀಕನಿಗೆ ಕಟ್ಟಿ ಉಳಿದದ್ದನ್ನು ಮನೆಗೆ ಒಯ್ಯುವವನಿನ್ನೊಬ್ಬ. ಎರಡನೆಯವನ ಪಾಡು ಯಾವಾಗಲೂ ಕಷ್ಟ, ಕುದುರೆಯ ಪಾಡೂ ಕಷ್ಟ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಈಗ ದಾವಣಗೆರೆ ಜಿಲ್ಲೆಯವು. ಆದರೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಆದದ್ದು ತೀರಾ ಈಚೆಗೆ. ಈ ನಾಲ್ಕು ಊರುಗಳಲ್ಲಿ ಒಂದಕ್ಕೂ ರೈಲಿಲ್ಲ. ಬೆಂಗಳೂರಿನ ರೈಲು ದಾವಣಗೆರೆ ದಾಟಿ ಹರಿಹರಕ್ಕೆ ಬಂದದ್ದು 1889ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ. ನಮ್ಮವರು ಎತ್ತಿನ ಗಾಡಿಯಲ್ಲೋ ಆಮೇಲೆ ಬಸ್ಸಿನಲ್ಲೋ ಆ ರೈಲಿನ ಊರುಗಳನ್ನು ತಲುಪಿ, ಸ್ಟೇಷನ್ ಮುಂದೆ ಸಾಲುಗಟ್ಟಿದ ಕುದುರೆ ಗಾಡಿಗಳನ್ನು ಕಣ್ತುಂಬ ನೋಡುತ್ತಿದ್ದರು. ದೊಡ್ಡ ಊರಿನ ಜಟಕಾ ರೈಲಿನ ಗಂಟೆಗೆ ಬದುಕುತ್ತಿತ್ತು. ಸಣ್ಣ ಊರಿನದು ಬದುಕಿದ್ದು ಬಸ್ಸಿನಿಂದ, ಸಂತೆಯಿಂದ, ಮದುವೆಯಿಂದ, ಆಸ್ಪತ್ರೆಯಿಂದ.

ನಮ್ಮ ಕಡೆ ಹಳೇ ಮೈಸೂರಿನ ಮಾತೂ ಉತ್ತರದ ಮಾತೂ ಕೂಡುತ್ತವೆ. ಹಾಗಾಗಿ ಕೆಲವರ ಬಾಯಲ್ಲಿ ಜಟಕಾ, ಕೆಲವರ ಬಾಯಲ್ಲಿ ಟಾಂಗಾ, ಮಕ್ಕಳಿಗೆ ಕುದುರೆ ಗಾಡಿ. ನಿಜ ಹೇಳಬೇಕೆಂದರೆ ಎರಡೂ ಬೇರೆ ಬೇರೆ. ಜಟಕಾದಲ್ಲಿ ಆಸನ ಇರುವುದಿಲ್ಲ. ಹಲಗೆ, ಹಲಗೆಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಚಾಪೆಯೋ ಜಮಖಾನೆಯೋ. ಮೇಲೆ ಬಿದಿರಿನ ಕಮಾನು. ತಲೆ ತಗ್ಗಿಸಿ ಹತ್ತಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ಟಾಂಗಾದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಎರಡು ಆಸನ. ಹಿಂದೆ ಕೂತವರಿಗೆ ಬಂದ ದಾರಿ ಕಾಣುತ್ತದೆ, ಮುಂದೆ ಕೂತವರಿಗೆ ಕುದುರೆಯ ಕಿವಿ. ಗೋಷಾ ಹೆಂಗಸರಿಗೂ ಬಾಣಂತಿಯರಿಗೂ ಜಟಕಾವೇ ಆಗಬೇಕಿತ್ತು. ಹಿಂದೆ ಮುಂದೆ ಸೀರೆಯನ್ನೋ ದುಪ್ಪಟಿಯನ್ನೋ ಕಟ್ಟಿದರೆ ಮನೆಯ ಒಂದು ಕೋಣೆಯೇ ರಸ್ತೆಗೆ ಇಳಿದಂತಾಗುತ್ತಿತ್ತು.

ಜಟಕಾ ಹತ್ತಿದವರಿಗೆಲ್ಲ ನೆನಪಿರುವ ಒಂದು ಮಾತಿದೆ: "ಸ್ವಲ್ಪ ಮುಂದೆ ಬರ್ರಿ, ಇನ್ನೂ ಸ್ವಲ್ಪ ಮುಂದೆ." ಸಾಹೇಬರು ಗೊಣಗುತ್ತಿದ್ದಾರೆ ಎಂದು ಚಿಕ್ಕಂದಿನಲ್ಲಿ ನಮಗೆ ಕಾಣುತ್ತಿತ್ತು. ಅದು ಲೆಕ್ಕ. ಎರಡೇ ಗಾಲಿಯ ಗಾಡಿ, ಭಾರವೆಲ್ಲ ಅಚ್ಚಿನ ಮೇಲೆ ಸಮವಾಗಿ ನಿಲ್ಲಬೇಕು. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಹೊಟ್ಟೆಯ ಕೆಳಗಿನ ಪಟ್ಟಿ ಕುದುರೆಯನ್ನು ಮೇಲಕ್ಕೆ ಎಳೆಯುತ್ತದೆ, ಅದಕ್ಕೆ ಉಸಿರು ಕಟ್ಟುತ್ತದೆ. ಮುಂದೆ ಹೆಚ್ಚಾದರೆ ಬೆನ್ನಿನ ಮೇಲೆ ಕೂತು ಚರ್ಮ ಉಜ್ಜಿ ಹುಣ್ಣಾಗುತ್ತದೆ. ದಪ್ಪಗಿರುವ ಗೌಡರನ್ನು ಎಲ್ಲಿ ಕೂರಿಸಬೇಕು, ಅಕ್ಕಿ ಮೂಟೆಯನ್ನು ಎಲ್ಲಿಡಬೇಕು, ಇಳಿಜಾರು ಬಂದಾಗ ಯಾರು ಹಿಂದೆ ಸರಿಯಬೇಕು, ಇದೆಲ್ಲ ತಕ್ಕಡಿಯಿಲ್ಲದೆ ಕಣ್ಣಳತೆಯಲ್ಲೇ ಆಗಬೇಕು. ಏರಿನಲ್ಲಿ ಸಾಹೇಬರು ತಾವೇ ಇಳಿದು ಕುದುರೆಯ ಪಕ್ಕ ನಡೆಯುತ್ತಿದ್ದರು. ಗಂಡಸರು ತಾವಾಗಿಯೇ ಇಳಿಯುವುದು ಮರ್ಯಾದೆ. ಹೇಳಿಸಿಕೊಂಡು ಇಳಿದರೆ ಅವಮಾನ.

ಇನ್ನೊಂದು ನೆನಪು ಚಾವಟಿಯದು. ಒಳ್ಳೆಯ ಸಾಹೇಬರ ಚಾವಟಿ ಕುದುರೆಗೆ ತಾಗುತ್ತಿದ್ದದ್ದು ಕಡಿಮೆ. ಅದರ ಹೆಚ್ಚಿನ ಉಪಯೋಗ ಗಾಲಿಗೆ. ಎದುರಿಗೆ ಯಾರಾದರೂ ಅಡ್ಡ ಬಂದರೆ ಚಾವಟಿಯ ಹಿಡಿಯನ್ನು ತಿರುಗುವ ಗಾಲಿಯ ಅರಗಳಿಗೆ ತಾಗಿಸಿದರಾಯಿತು, ಟರ್ರ್ ಎಂದು ಸದ್ದು. ಅದೇ ಹಾರನ್. ಕುದುರೆಗೆ ಬಾಯಿ ಮಾತೇ ಸಾಕು. ನಾಲಿಗೆಯಲ್ಲಿ ಲೊಚಗುಟ್ಟಿದರೆ ಹೆಜ್ಜೆ ಎತ್ತುತ್ತದೆ, ಉದ್ದಕ್ಕೆ ಹೋ ಎಂದರೆ ನಿಲ್ಲುತ್ತದೆ. ಹತ್ತಿದವರನ್ನು ಅವರು ಜನ ಅನ್ನುತ್ತಿರಲಿಲ್ಲ, ಸವಾರಿ ಅನ್ನುತ್ತಿದ್ದರು. "ಇನ್ನೊಂದು ಸವಾರಿ ಬಂದ್ರೆ ಹೊರಡೋದೇ."

ಊರಿಗೆ ಟೂರಿಂಗ್ ಟಾಕೀಸ್ ಬಂದರಂತೂ ಜಟಕಾಗೆ ಹಬ್ಬ. ಎರಡೂ ಕಡೆ ಸಿನಿಮಾದ ಪೋಸ್ಟರು ಕಟ್ಟಿ, ಒಳಗೆ ತಮಟೆಯವನನ್ನೂ ಮೈಕಿನವನನ್ನೂ ಕೂರಿಸಿಕೊಂಡು ಬೀದಿ ಬೀದಿ ತಿರುಗುತ್ತಿತ್ತು. ಗುಲಾಬಿ ಬಣ್ಣದ ಕಾಗದದ ಹ್ಯಾಂಡ್‌ಬಿಲ್ ತೂರುತ್ತಿದ್ದರು, ನಾವು ಹಿಂದೆ ಓಡುತ್ತಿದ್ದೆವು. 1957ರ ನಯಾ ದೌರ್ ಸಿನಿಮಾದಲ್ಲಿ ದಿಲೀಪ್ ಕುಮಾರ್ ಟಾಂಗಾದವನು, ಅವನ ಟಾಂಗಾಗೂ ಬಸ್ಸಿಗೂ ಪಂದ್ಯ. ಸಿನಿಮಾದಲ್ಲಿ ಗೆದ್ದದ್ದು ಟಾಂಗಾ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಶೋಲೆಯಲ್ಲಿ ಬಸಂತಿಯ ಟಾಂಗಾ ಎಳೆದ ಧನ್ನೋ ಎಂಬ ಕುದುರೆಯ ಹೆಸರು ಇವತ್ತಿಗೂ ಮಕ್ಕಳಿಗೆ ಗೊತ್ತು. ಅದು 1975. ಆ ಹೊತ್ತಿಗೆ ನಿಜವಾದ ಪಂದ್ಯದಲ್ಲಿ ಜಟಕಾ ಸೋಲುತ್ತ ಬಂದಿತ್ತು.

ಜಟಕಾ ಯಾಕೆ ಹೋಯಿತು ಎಂದರೆ ಆಟೋ ಬಂತು ಎಂದು ಎಲ್ಲರೂ ಒಂದೇ ಮಾತಲ್ಲಿ ಮುಗಿಸುತ್ತಾರೆ. ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ಆಟೋ ಓಡಿದರೆ ಮಾತ್ರ ಪೆಟ್ರೋಲ್ ಕುಡಿಯುತ್ತದೆ. ಕುದುರೆ ಬಾಡಿಗೆ ಬಂದ ದಿನವೂ ತಿನ್ನುತ್ತದೆ, ಬಾರದ ದಿನವೂ ತಿನ್ನುತ್ತದೆ. ಹುಲ್ಲು, ಬೂಸಾ, ನೆನೆಸಿದ ಹುರುಳಿ. ಬಿಸಿಲಲ್ಲಿ ದುಡಿಯುವ ಕುದುರೆಗೆ ದಿನಕ್ಕೆ 30ರಿಂದ 40 ಲೀಟರ್ ನೀರು ಬೇಕು. ಸೂಳೆಕೆರೆ ಹತ್ತಿರವಿರುವ ಚನ್ನಗಿರಿಗೆ, ತುಂಗಭದ್ರೆ ಹರಿಯುವ ಹೊನ್ನಾಳಿಗೆ ಅದು ದೊಡ್ಡದಲ್ಲ. ಜಗಳೂರಿನವರನ್ನು ಕೇಳಿ. ಮನುಷ್ಯರಿಗೇ ಕೊಡ ಹಿಡಿದು ಸಾಲು ನಿಲ್ಲುವ ಬೇಸಿಗೆಯಲ್ಲಿ ಒಂದು ಕುದುರೆಯನ್ನು ಸಾಕುವುದೆಂದರೆ ಮನೆಯವರ ಪಾಲಿನ ನೀರನ್ನು ಅದಕ್ಕೆ ಹಂಚುವುದು. ನಮ್ಮ ಪಕ್ಕದ ಮನೆಯವರು ಬೇಲಿಯಾಚೆಯಿಂದ ಇದನ್ನು ಹೇಳುವಾಗ ಅವರ ದನಿ ಸಣ್ಣಗಾಯಿತು. ಹುರುಳಿ ಬೆಳೆಯುವ ಒಣಭೂಮಿ ಅದು. ಮೇವಿಗೆ ಹೇಗೋ ದಾರಿಯಿತ್ತು, ನೀರಿಗಿರಲಿಲ್ಲ.

ಅದರ ಮೇಲೆ ಲಾಳದ ಖರ್ಚು. ಕುದುರೆಯ ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ತಿಂಗಳಿಗೋ ಒಂದೂವರೆ ತಿಂಗಳಿಗೋ ಲಾಳ ಕಿತ್ತು, ಗೊರಸು ಕೆತ್ತಿ, ಮತ್ತೆ ಹೊಡೆಯಬೇಕು. ಇದಕ್ಕೆ ನಾಲಬಂದರೇ ಬೇಕು. ನಾಲ ಅಂದರೆ ಲಾಳ, ಅದನ್ನು ಕಟ್ಟುವವರು ನಾಲಬಂದರು. ಎತ್ತಿಗೆ ಗೊರಸು ಸೀಳಿರುವುದರಿಂದ ಕಾಲಿಗೆರಡು, ಒಟ್ಟು ಎಂಟು ಲಾಳ. ಕುದುರೆಗೆ ನಾಲ್ಕೇ, ಆದರೆ ಕೆಲಸ ನಾಜೂಕು. ಮೊಳೆ ಒಂದು ನೂಲು ಒಳಗೆ ಹೋದರೆ ಕುದುರೆ ಕುಂಟುತ್ತದೆ, ಕುಂಟಿದರೆ ಆ ಮನೆಯ ಒಲೆ ಉರಿಯುವುದಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ನಾಲಬಂದರಿಗೂ ಕೆಲಸ ಹೋಯಿತು. ಅವರಿಲ್ಲದೆ ಜಟಕಾಗೂ ಗತಿಯಿಲ್ಲ. ಒಂದು ಕಸುಬು ಸಾಯುವಾಗ ಒಂದೇ ಸಾಯುವುದಿಲ್ಲ. ಲಾಳದವರು, ಜೀನು ಹೊಲಿಯುವವರು, ಗಾಲಿಯ ಬಡಗಿ, ಹುಲ್ಲು ಮಾರುವ ಹೆಂಗಸರು ಎಲ್ಲರೂ ಒಟ್ಟಿಗೆ ಹೋದರು.

ಅಷ್ಟಾದರೂ ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಹೆಗಲು ಹುಣ್ಣಾದ, ಪಕ್ಕೆಲುಬು ಎಣಿಸಬಹುದಾದ ಕುದುರೆಗಳನ್ನೂ ಕಂಡಿದ್ದೇವೆ. ನಾಲ್ವರು ಕೂರುವಲ್ಲಿ ಎಂಟು ಮಂದಿ ಹತ್ತಿದ್ದೇವೆ, ಆ ಪಾಪದಲ್ಲಿ ಸವಾರಿಗಳ ಪಾಲೂ ಇದೆ. 1965ರಲ್ಲಿ ದುಡಿಯುವ ಪ್ರಾಣಿಗಳಿಗಾಗಿಯೇ ಕೇಂದ್ರ ಸರ್ಕಾರ ನಿಯಮ ಮಾಡಿತು. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ 5 ಗಂಟೆ ಮೀರಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕಟ್ಟಲೇಬಾರದು. ಒಳ್ಳೆಯ ನಿಯಮ. ಇದನ್ನು ಓದದೆಯೂ ಪಾಲಿಸಿದ ಸಾಹೇಬರಿದ್ದರು. ನಡು ಮಧ್ಯಾಹ್ನ ಬೇವಿನ ಮರದಡಿ ಕುದುರೆಯನ್ನು ಬಿಚ್ಚಿ, ಬೆವರು ಆರುವ ತನಕ ನೀರು ಕುಡಿಸದೆ, ಮೊದಲು ಹುಲ್ಲಿನ ಹಿಡಿಯಿಂದ ಮೈ ತಿಕ್ಕಿ, ಖರಾರ ಎಂಬ ಕಬ್ಬಿಣದ ಹಣಿಗೆ ಎಳೆದು, ಅದಕ್ಕೆ ಹುರುಳಿ ಚೀಲ ಕಟ್ಟಿದ ಮೇಲೆಯೇ ತಮ್ಮ ರೊಟ್ಟಿ ಬಿಚ್ಚುತ್ತಿದ್ದರು. ಕುದುರೆಗಿಂತ ಮುಂಚೆ ಉಣ್ಣುವವನು ಆ ಸ್ಟ್ಯಾಂಡಿನಲ್ಲಿ ಮರ್ಯಾದಸ್ಥನಾಗಿರಲಿಲ್ಲ.

ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು 2015ರಲ್ಲಿ ಅಲ್ಲಿನ ಹೈಕೋರ್ಟು ಕಾನೂನುಬಾಹಿರ ಎಂದಿತು. ಮೈಸೂರಿನಲ್ಲಿ ಅರಮನೆಯ ಸುತ್ತ ಟಾಂಗಾ ಇನ್ನೂ ಓಡುತ್ತದೆ, ದಸರಾ ಬಂದರೆ ಜೀವ ಬರುತ್ತದೆ. ವಿಜಯಪುರದಲ್ಲಿ ಗೋಳಗುಮ್ಮಟ ನೋಡಲು ಹೋದವರು ಟಾಂಗಾ ಹತ್ತಿದ್ದಾರೆ. ಅಲ್ಲಿ ಪ್ರವಾಸಿಗರಿದ್ದಾರೆ, ಉಳಿಸಲು ಕಾರಣವಿದೆ. ನಮ್ಮ ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಮತ್ತೆ ಜಟಕಾ ಓಡಲಿ ಎಂದು ನಾನು ಬಯಸುವುದಿಲ್ಲ. ಕುದುರೆಗೂ ಬೇಡ, ಅದರ ಹಿಂದೆ ಕೂತು ಕೆಮ್ಮುವ ಮುದುಕರಿಗೂ ಬೇಡ. ಅವರ ಮಕ್ಕಳು ಆಟೋ, ಲಾರಿ ಓಡಿಸುತ್ತಿದ್ದಾರೆ, ಗ್ಯಾರೇಜು ಇಟ್ಟಿದ್ದಾರೆ, ಕೆಲವರು ಓದಿ ನೌಕರಿ ಹಿಡಿದಿದ್ದಾರೆ. ಆಗಬೇಕಾದದ್ದೇ ಅದು.

ಆದರೆ ಅವರಿಗೆ ಗೊತ್ತಿದ್ದದ್ದು ಅವರೊಂದಿಗೇ ಹೋಗಬಾರದು. ನೇಗಿಲಿನ ಒಂದೊಂದು ಭಾಗಕ್ಕೂ ಕನ್ನಡದಲ್ಲಿ ಹೆಸರು ಕೂಡಿಸಿದ್ದೇವೆ, ಮಗ್ಗದ ಮಾತುಗಳನ್ನು ಕೋಶಗಳಲ್ಲಿ ಸೇರಿಸಿದ್ದೇವೆ. ಜಟಕಾದ ಮಾತುಗಳು ಅರ್ಧ ಕನ್ನಡ, ಅರ್ಧ ದಖ್ಖನಿ ಉರ್ದು. ಹಾಗಾಗಿ ಅವುಗಳಿಗೆ ಯಾರೂ ವಾರಸುದಾರರಿಲ್ಲ. ಕುದುರೆಯ ಬಣ್ಣಕ್ಕೊಂದು ಹೆಸರು, ಸುಳಿಗೊಂದು ಹೆಸರು, ಪಟ್ಟಿಗೊಂದು, ನಡೆಗೊಂದು. ಅವನ್ನು ಹೇಳಬಲ್ಲವರಿಗೆ ಈಗ 80 ದಾಟಿರುತ್ತದೆ.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಎಲ್ಲಿಯವರಾದರೂ ಸರಿ, ನಿಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಜಟಕಾ ಹೊಡೆದವರು ಯಾರಾದರೂ ಇದ್ದರೆ ಈ ಭಾನುವಾರ ಹೋಗಿ ಮಾತಾಡಿಸಿ. ಮೊಬೈಲಿನಲ್ಲಿ ದನಿ ಹಿಡಿದಿಟ್ಟುಕೊಳ್ಳಿ. ಲಗಾಮಿನಿಂದ ಲಾಳದ ತನಕ ಒಂದೊಂದಕ್ಕೂ ಅವರು ಏನನ್ನುತ್ತಿದ್ದರು ಎಂದು ಕೇಳಿ ಬರೆದಿಟ್ಟು, ಹತ್ತಿರದ ಕಾಲೇಜಿನ ಕನ್ನಡ ಮೇಷ್ಟರಿಗೂ ಉರ್ದು ಮೇಷ್ಟರಿಗೂ ಒಂದೊಂದು ಪ್ರತಿ ಕೊಡಿ. ಮಾತು ಶುರುಮಾಡುವಾಗ ಸಾಹೇಬ್ರೇ ಎಂದೇ ಕರೆಯಿರಿ.